ಮೀಟರಿನ ಕೆಂಪು ದೀಪ ಎಣಿಸುವ ಪಾಠ

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹವಾಮಾನ ಬದಲಾವಣೆ ಎಂದೊಡನೆ ಭಿತ್ತಿಚಿತ್ರಗಳಲ್ಲಿ ಕಾಣುವುದು ಕರಗುವ ಹಿಮ, ಬಡಕಲಾದ ಹಿಮಕರಡಿ. ಸಮುದ್ರವನ್ನೇ ಕಾಣದ ಬಯಲುಸೀಮೆಯ ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಬರೆದು ಅಲ್ಲೇ ಬಿಟ್ಟುಬರುತ್ತಾರೆ. ವಿಶ್ವ ಪರಿಸರ ದಿನವಾದ ಜೂನ್ 5ರ ಜಾಥಾ, ಘೋಷಣೆ, ಸಸಿ ನೆಡುವುದು ಎಲ್ಲವೂ ಬೇಕು. ಆದರೆ ಜೂನ್ 6ರ ಬೆಳಿಗ್ಗೆ ಮನೆಯಲ್ಲಿ ಏನು ಮಾಡಬೇಕು ಎಂಬುದು ಅವುಗಳಿಂದ ತಿಳಿಯದು. ಹಾಗಾಗಿ ನಾನು ಈ ಪಾಠವನ್ನು ಮಕ್ಕಳ ಮನೆಯ ವಿದ್ಯುತ್ ಮೀಟರಿನಿಂದ ಶುರುಮಾಡುತ್ತೇನೆ.

ಡಿಜಿಟಲ್ ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ, ಅಂದರೆ ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದಾಗ ಆಗುವ ಬಳಕೆಗೆ, ಅದು ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಮೀಟರಿನ ಮೇಲೆಯೇ ಮುದ್ರಿಸಿರುತ್ತಾರೆ. ನಮ್ಮ ಊರಿನ ಹಲವು ಮೀಟರುಗಳಲ್ಲಿ ಅದು 3200. ಮನೆಯ ಎಲ್ಲ ಸ್ವಿಚ್‌ಗಳನ್ನು ಆರಿಸಿ, ಒಂದೇ ಒಂದು ಉಪಕರಣವನ್ನು ಹಾಕಿ, ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಮಿನುಗು ಎಂದು ಎಣಿಸಬೇಕು. 75 ವ್ಯಾಟಿನ ಫ್ಯಾನಿಗೆ ನಿಮಿಷಕ್ಕೆ ನಾಲ್ಕು ಮಿನುಗು. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಎರಡು ನಿಮಿಷ ಕಾದರೆ ಒಂದು. 500 ವ್ಯಾಟಿನ ಮಿಕ್ಸಿಗೆ ಇಪ್ಪತ್ತೇಳರ ಆಸುಪಾಸು. ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟಿನ ಕಾಯಿಲ್ ಹಾಕಿದರೆ ಎಂಬತ್ತು. ಎಣಿಸುವವರ ನಾಲಿಗೆ ತೊಡರುವಷ್ಟು ವೇಗ.

ಎಣಿಸುವ ಮೊದಲು ಊಹಿಸಲು ಹೇಳುತ್ತೇನೆ. ಹೆಚ್ಚು ಕರೆಂಟ್ ತಿನ್ನುವುದು ಮಿಕ್ಸಿ ಎಂದು ಬಹುತೇಕ ಮಕ್ಕಳು ಹೇಳುತ್ತಾರೆ. ಅದು ಗದ್ದಲ ಮಾಡುತ್ತದೆ, ಅದಕ್ಕೆ. ಆದರೆ ಚಟ್ನಿ ರುಬ್ಬಲು ಐದು ನಿಮಿಷ ಸಾಕು. ಸದ್ದಿಲ್ಲದೆ ಹನ್ನೆರಡು ಗಂಟೆ ತಿರುಗುವ ಫ್ಯಾನು ದಿನಕ್ಕೆ 0.9 ಯೂನಿಟ್ ಎಳೆಯುತ್ತದೆ. ವ್ಯಾಟನ್ನು ಗಂಟೆಯಿಂದ ಗುಣಿಸಬೇಕು ಎನ್ನುವುದು ಸೂತ್ರವಾಗಿ ಹೇಳಿಕೊಟ್ಟಾಗ ತಲೆಗೆ ಹತ್ತದ ಮಕ್ಕಳಿಗೂ ಇಲ್ಲಿ ತಾನಾಗಿ ಹತ್ತುತ್ತದೆ.

ಮುಂದಿನ ಪ್ರಶ್ನೆ, ಯೂನಿಟ್‌ಗೂ ಆಕಾಶಕ್ಕೂ ಏನು ಸಂಬಂಧ? ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಹೊರರಾಜ್ಯಗಳಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ರಾಯಚೂರು, ಬಳ್ಳಾರಿಯ ಸ್ಥಾವರಗಳಲ್ಲಿ ಉರಿಯುತ್ತದೆ. ಜಲವಿದ್ಯುತ್ತು, ಸೌರವಿದ್ಯುತ್ತು ಎಲ್ಲವನ್ನೂ ಸೇರಿಸಿ ದೇಶದ ಸರಾಸರಿ ತೆಗೆದರೂ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾಣದ ಅನಿಲವನ್ನು ಕಿಲೋಗಳಲ್ಲಿ ಹೇಳಿದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಅದಕ್ಕೇ ಅಳತೆಯನ್ನು ಬದಲಿಸಿದೆ: ಅಷ್ಟು ಅನಿಲ ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನ್‌ಗಳನ್ನು ಸುಮಾರು ಇಪ್ಪತ್ತು ತುಂಬುತ್ತದೆ. ಒಂದೇ ಯೂನಿಟ್‌ಗೆ! ಶಾಲೆಯ ಕ್ಯಾನನ್ನು ಮುಂದಿಟ್ಟು ಹೇಳಿದಾಗ ತರಗತಿ ಒಮ್ಮೆ ಸ್ತಬ್ಧವಾಗುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಕಾಲದಲ್ಲಿ 280 ಭಾಗವಿದ್ದ ಈ ಅನಿಲ ಈಗ 420 ದಾಟಿದೆ ಎಂಬ ಅಂಕಿಯನ್ನು ಹೇಳಲು ಅದೇ ಸರಿಯಾದ ಗಳಿಗೆ.

ದೊಡ್ಡವರೊಂದಿಗಿನ ಮಾತು ಬೇರೆ. ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು: "ಗೃಹಜ್ಯೋತಿಯಲ್ಲಿ ನಮ್ಮ ಬಿಲ್ಲು ಸೊನ್ನೆ ಬರುತ್ತದೆ ಮೇಷ್ಟ್ರೇ, ಉಳಿಸಿ ಏನು ಮಾಡಬೇಕು?" ಇದು ನ್ಯಾಯವಾದ ಪ್ರಶ್ನೆ. 2023ರ ಆಗಸ್ಟ್‌ನಿಂದ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಹಣದ ಕಾರಣ ಇಲ್ಲವಾಗಿದೆ. ಆ ಯೋಜನೆ ಬಡವರ ಮನೆಗೆ ಕೊಟ್ಟ ನೆಮ್ಮದಿಯನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಹಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟೇ: ಬಿಲ್ಲು ಸೊನ್ನೆಯಾಗಿದೆ, ಉರಿಯುವ ಕಲ್ಲಿದ್ದಲು ಸೊನ್ನೆಯಾಗಿಲ್ಲ. ಕಾಗದದ ಮೇಲಿರುವ ಯೂನಿಟ್‌ಗಳ ಸಾಲನ್ನು ಓದಿ, ಹಣದ ಸಾಲನ್ನಲ್ಲ.

ಯಾವ ಹೊತ್ತಿನಲ್ಲಿ ಬಳಸುತ್ತೇವೆ ಎನ್ನುವುದೂ ಮುಖ್ಯ. ನಮ್ಮ ಜಿಲ್ಲೆಯ ಪಾವಗಡದ ತಿರುಮಣಿ ಸುತ್ತ 2050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಕೆಲವು ಮಕ್ಕಳ ನೆಂಟರು ಅದಕ್ಕೆ ಹೊಲವನ್ನು ಗುತ್ತಿಗೆ ಕೊಟ್ಟಿದ್ದಾರೆ. ಸೂರ್ಯ ಮುಳುಗಿದೊಡನೆ ಅದರ ಪಾಲನ್ನು ಜಲಾಶಯ ಮತ್ತು ಕಲ್ಲಿದ್ದಲು ಹೊರಬೇಕು. ಆದ್ದರಿಂದ ಸಂಪಿನಿಂದ ನೀರೇರಿಸುವುದು, ಇಸ್ತ್ರಿ, ಮೊಬೈಲ್ ಚಾರ್ಜ್ ಮುಂತಾದವನ್ನು ಮಧ್ಯಾಹ್ನ ಮುಗಿಸಿಕೊಳ್ಳಿ ಎನ್ನುತ್ತೇನೆ. ಇದಕ್ಕೆ ಖರ್ಚಿಲ್ಲ, ಸುಖಕ್ಕೂ ಕೊರತೆಯಿಲ್ಲ. ಹೆಂಗಸರು ಇದನ್ನು ಎಲ್ಲಕ್ಕಿಂತ ಬೇಗ ಒಪ್ಪಿದರು.

ಸ್ನಾನದ ನೀರಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಹದಿನೈದು ಲೀಟರಿನ ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು ಮೂರನೇ ಒಂದು ಯೂನಿಟ್ ಬೇಕು. ಐದು ಜನರ ಮನೆಯಲ್ಲಿ ತಿಂಗಳಿಗೆ 50 ಯೂನಿಟ್ ಆಯಿತು. ಸಂಜೆ ಐದು ಗಂಟೆ ಉರಿಯುವ ಎಲ್‌ಇಡಿ ಬಲ್ಬು ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ತಿನ್ನುವುದಿಲ್ಲ. ಹಾಗಿದ್ದೂ ನಮ್ಮ ಜಾಗೃತಿ ಫಲಕಗಳೆಲ್ಲ "ದೀಪ ಆರಿಸಿ" ಎನ್ನುತ್ತವೆ, ಬಿಸಿನೀರಿನ ಮಾತೇ ಎತ್ತುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಸೋಲಾರ್ ಹೀಟರ್ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ನೀರು ತುಂಬಿ ತಾರಸಿಯಲ್ಲಿಟ್ಟರೆ ಬೇಸಿಗೆಯಲ್ಲಿ ಸಂಜೆಯ ಸ್ನಾನಕ್ಕೆ ಬೇರೆ ಉರಿ ಬೇಡ. ತೆಂಗಿನ ತೋಟವಿರುವವರಿಗೆ ಒಣಗಿದ ಮಟ್ಟೆ, ಕರಟ ಇವೆ; ಆದರೆ ಒಲೆಯ ಹೊಗೆ ತಾಯಂದಿರ ಎದೆಗೆ ಹೋಗುತ್ತದೆ. ಹೊಗೆಕೊಳವೆ ಇರುವ ಹಂಡೆ ಒಲೆಯಾದರೆ ಮಾತ್ರ ನಾನು ಅದನ್ನು ಸೂಚಿಸುತ್ತೇನೆ.

ಇದನ್ನು ಮಾಡಬಯಸುವ ಶಿಕ್ಷಕರಿಗೆ ಎರಡು ಮಾತು. ಮೀಟರನ್ನು ದೂರದಿಂದ ನೋಡುವುದಷ್ಟೇ ಮಕ್ಕಳ ಕೆಲಸ. ಪೆಟ್ಟಿಗೆ ತೆರೆಯುವುದು, ಸೀಲು ಮುಟ್ಟುವುದು ಕೂಡದು. ಕಾಯಿಲ್ ಹಾಕುವವರು ದೊಡ್ಡವರೇ ಆಗಿರಬೇಕು. ಎಲ್ಲ ಮೀಟರುಗಳಲ್ಲೂ 3200 ಇರುವುದಿಲ್ಲ, 1600 ಇದ್ದರೆ ಮಿನುಗು ಅರ್ಧಕ್ಕಿಳಿಯುತ್ತದೆ. ಹಳೆಯ ಚಕ್ರದ ಮೀಟರಿದ್ದ ಮನೆಯ ಮಗುವನ್ನು ಪಕ್ಕದ ಮನೆಯವರ ಜೊತೆ ಸೇರಿಸಿ. ಪ್ರತಿ ಸೋಮವಾರ ರೀಡಿಂಗ್ ಬರೆದು ತರಲಿ, ಕಳೆಯುವ ಲೆಕ್ಕವನ್ನು ಅವರೇ ಮಾಡಲಿ. ಯಾರ ಮನೆಯ ಅಂಕಿಯನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಫ್ರಿಜ್ ಇಲ್ಲದ ಮನೆಯ ಅಂಕಿ ತಾನಾಗಿಯೇ ಚಿಕ್ಕದಿರುತ್ತದೆ; ಆ ಮಗುವಿಗೆ ಉಳಿಸು ಎನ್ನುವ ಅಧಿಕಾರ ನಮಗಿಲ್ಲ.