ಪೋಷಕ ಕುಟುಂಬ ಆಗುವುದು ಹೇಗೆ?

ಬಾಲಮಂದಿರದಲ್ಲಿ ಇರುವವರೆಲ್ಲ ಅನಾಥ ಮಕ್ಕಳು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇರುತ್ತಾರೆ. ಕಾಯಿಲೆಯೋ ಜೈಲುವಾಸವೋ ಬಂದು, ಸಾಕುವ ಸ್ಥಿತಿಯಲ್ಲಿ ಇರುವುದಿಲ್ಲ, ಅಷ್ಟೇ. ಇಂಥ ಮಗುವನ್ನು ದತ್ತು ಕೊಡಲು ಬರುವುದಿಲ್ಲ. ಆದರೆ ಮಗು ಒಂದು ಮನೆಯಲ್ಲಿ ಬೆಳೆಯಬಹುದು. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಇದೇ ಫಾಸ್ಟರ್ ಕೇರ್, ಅಂದರೆ ಪೋಷಕತ್ವ.

ಮೊದಲು ಮನೆಯವರೆಲ್ಲ ಕೂತು ಮಾತಾಡಿ. ಬರುವ ಮಗು ಸಾಮಾನ್ಯವಾಗಿ ಆರು ವರ್ಷ ದಾಟಿರುತ್ತದೆ. ಅದಕ್ಕೆ ತನ್ನದೇ ನೆನಪುಗಳಿರುತ್ತವೆ, ತನ್ನವರಿರುತ್ತಾರೆ. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ಮಗು ಅವರ ಬಳಿ ವಾಪಸ್ ಹೋಗಬಹುದು. ಆ ದಿನವನ್ನು ತಡೆದುಕೊಳ್ಳುತ್ತೇವಾ ಅಂತ ಈಗಲೇ ಕೇಳಿಕೊಳ್ಳಿ. ದತ್ತು ಬೇಗ ಸಿಗಲಿ ಅಂತ ಮಾತ್ರ ಈ ದಾರಿ ಹಿಡಿಯಬೇಡಿ. ಆಮೇಲೆ ನೋವು ನಿಮಗೂ ಆಗುತ್ತದೆ, ಮಗುವಿಗೆ ಇನ್ನೂ ಜಾಸ್ತಿ.

2024ರ ಹೊಸ ಮಾರ್ಗಸೂಚಿ ಬಂದ ಮೇಲೆ ಮದುವೆಯಾಗದವರು, ವಿಧವೆಯರು, ವಿಚ್ಛೇದಿತರು ಕೂಡ ಮುಂದೆ ಬರಬಹುದು. ಅವರಿಗೆ ಕನಿಷ್ಠ 35 ವರ್ಷ ಆಗಿರಬೇಕು. ಒಂಟಿ ಮಹಿಳೆಗೆ ಹೆಣ್ಣು ಮಗುವನ್ನೂ ಕೊಡುತ್ತಾರೆ, ಗಂಡು ಮಗುವನ್ನೂ ಕೊಡುತ್ತಾರೆ. ಒಂಟಿ ಪುರುಷನಿಗೆ ಗಂಡು ಮಗು ಮಾತ್ರ. ದಂಪತಿಯಾದರೆ ಇಬ್ಬರ ವಯಸ್ಸು ಸೇರಿ ಕನಿಷ್ಠ 70 ಆಗಬೇಕು, ಸಂಸಾರ ಎರಡು ವರ್ಷವಾದರೂ ನೆಟ್ಟಗೆ ನಡೆದಿರಬೇಕು.

ಮನಸ್ಸು ಗಟ್ಟಿಯಾದರೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಕೇಂದ್ರ ದತ್ತು ಪ್ರಾಧಿಕಾರದ ವೆಬ್‌ಸೈಟಿನಲ್ಲೂ ಹೆಸರು ನೋಂದಾಯಿಸಬಹುದು. ಗುರುತು, ವಯಸ್ಸು, ಆದಾಯದ ದಾಖಲೆ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿರುವ ಎಲ್ಲರ ವೈದ್ಯಕೀಯ ವರದಿ ಬೇಕು. ಯಾರ ಮೇಲೂ ಅಪರಾಧ ಸಾಬೀತಾಗಿರಬಾರದು.

ಆಮೇಲೆ ಘಟಕದವರು ಮನೆಗೆ ಬರುತ್ತಾರೆ. ಇದಕ್ಕೆ ಹೆದರಬೇಡಿ, ಹೊಸ ಸೋಫಾ ತರಿಸಬೇಡಿ. ಮಗುವಿಗೆ ಮಲಗಲು, ಓದಲು ಜಾಗ ಇದೆಯಾ, ಅಜ್ಜ ಅಜ್ಜಿ ಒಪ್ಪಿದ್ದಾರಾ, ನಿಮ್ಮ ಮಕ್ಕಳಿಗೆ ಏನು ಅನ್ನಿಸುತ್ತಿದೆ ಅಂತ ನೋಡುತ್ತಾರೆ. ಸಿಟ್ಟು ಬಂದರೆ ಏನು ಮಾಡುತ್ತೀರಿ ಅಂತ ಕೇಳಿದರೆ ನಿಜ ಹೇಳಿ. ನಿಮಗೆ ಆಗದ್ದನ್ನೂ ಹೇಳಿ. ವಿಶೇಷ ಅಗತ್ಯದ ಮಗುವನ್ನು ನೋಡಿಕೊಳ್ಳುವಷ್ಟು ಬಿಡುವು ಇಲ್ಲ ಅನ್ನುವುದು ತಪ್ಪಲ್ಲ. ಮುಚ್ಚಿಟ್ಟರೆ ನಿಮಗೆ ಹೊಂದದ ಮಗು ಬರುತ್ತದೆ, ಆ ಮಗು ಇನ್ನೊಮ್ಮೆ ಮನೆ ಬಿಡಬೇಕಾಗುತ್ತದೆ.

ನಂತರ ಮಗುವಿನ ಜೊತೆ ಭೇಟಿ, ಪರಿಚಯ. ಮಗುವಿನ ಅಭಿಪ್ರಾಯಕ್ಕೂ ಬೆಲೆ ಇದೆ. ಒಡಹುಟ್ಟಿದವರಿದ್ದರೆ ಸಾಧ್ಯವಾದಷ್ಟೂ ಒಂದೇ ಮನೆಗೆ ಕಳಿಸಬೇಕು ಅನ್ನುತ್ತದೆ ಕಾನೂನು. ಕೊನೆಗೆ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬರುತ್ತದೆ, ನೀವು ಮುಚ್ಚಳಿಕೆ ಬರೆದುಕೊಡುತ್ತೀರಿ. ಆದೇಶ ಕೈಗೆ ಬರುವ ಮೊದಲು ಮಗುವನ್ನು ಮನೆಗೆ ಕರೆದುಕೊಂಡು ಹೋಗುವಂತಿಲ್ಲ.

ಮೊದಲ ಕೆಲವು ವಾರ ಕಷ್ಟವೇ. ಕೆಲವು ಮಕ್ಕಳು ಊಟ ಮುಚ್ಚಿಡುತ್ತಾರೆ, ದಿಂಬಿನ ಕೆಳಗೆ ಬಿಸ್ಕತ್ತು ಸಿಗಬಹುದು. ಬೈಯಬೇಡಿ. ಅಡುಗೆಮನೆಯ ಡಬ್ಬ ಎಲ್ಲಿದೆ ಅಂತ ತೋರಿಸಿ, ಹಸಿವಾದಾಗ ನೀನೇ ತಗೋ ಅನ್ನಿ. ಅಪ್ಪ ಅಮ್ಮ ಅಂತ ಕರೆಯಲು ಒತ್ತಾಯ ಬೇಡ, ಅಂಕಲ್ ಆಂಟಿ ಅಂದರೂ ಪ್ರೀತಿ ಕಮ್ಮಿಯಾಗುವುದಿಲ್ಲ. ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದನ್ನು ಕಾನೂನು ನಿಷೇಧಿಸಿದೆ. ಹೆತ್ತವರು ನೋಡಲು ಬರಲು ಸಮಿತಿ ಒಪ್ಪಿದ್ದರೆ ಮುಖ ಸಿಂಡರಿಸಬೇಡಿ. ಮಗು ಇಬ್ಬರ ಮುಖವನ್ನೂ ಓದುತ್ತಿರುತ್ತದೆ.

ಮಗು ಹೇಗಿದೆ ಅಂತ ನೋಡಲು ಪ್ರತಿ ತಿಂಗಳು ತಪಾಸಣೆ ಇರುತ್ತದೆ. ಸುಮ್ನೆ ತಲೆನೋವು ಅಂದುಕೊಳ್ಳದೆ, ಆಗಲೇ ನಿಮ್ಮ ಕಷ್ಟವನ್ನೂ ಹೇಳಿಕೊಳ್ಳಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಂಜೂರಾದರೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಅದು ಮಗುವಿನ ಖರ್ಚಿಗೆ.

ಎರಡು ವರ್ಷ ಜೊತೆಗಿದ್ದ ಮೇಲೆ, ಮಗುವನ್ನು ಕಾನೂನಿನ ಪ್ರಕಾರ ದತ್ತು ಕೊಡಬಹುದು ಅಂತ ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ್ದರೆ, ನೀವೇ ದತ್ತು ಪಡೆಯಲು ಅರ್ಜಿ ಹಾಕಬಹುದು. ಮೊದಲು ಇದಕ್ಕೆ ಐದು ವರ್ಷ ಕಾಯಬೇಕಿತ್ತು.