ಮುಂದಿನ ಸೀಸನ್‌ಗೆ ಯಾರು ಉಳಿಯಬೇಕು? ರೈಡರ್ ಆಯ್ಕೆ ಮಾಡುವುದು ಹೇಗೆ

ರೈಡರ್‌ಗಳು ಐದು ಜನ. ಮುಂದಿನ ವರ್ಷಕ್ಕೆ ದುಡ್ಡು ಇರುವುದು ಮೂರು ಗಾಡಿಗೆ. ಸಣ್ಣ ಮೋಟೊಕ್ರಾಸ್ ತಂಡ, ಅಂದರೆ ಮಣ್ಣಿನ ಟ್ರ್ಯಾಕ್‌ನಲ್ಲಿ ಬೈಕ್ ರೇಸ್ ಓಡುವ ತಂಡ ನಡೆಸುವವರಿಗೆಲ್ಲ ಸೀಸನ್ ಮುಗಿದ ಮೇಲೆ ಎದುರಾಗುವ ಲೆಕ್ಕ ಇದು. ಬಳ್ಳಾರಿಯ ನಮ್ಮ ಗ್ಯಾರೇಜಿನಲ್ಲಿ ಈ ಲೆಕ್ಕ ಶೆಟರ್ ಅರ್ಧ ಎಳೆದುಕೊಂಡು, ಒಗ್ಗರಣೆ ಮಿರ್ಚಿ ಪೊಟ್ಟಣ ಬಿಚ್ಚಿಟ್ಟುಕೊಂಡು ನಡೆಯುತ್ತಿತ್ತು. ಪೊಟ್ಟಣ ಖಾಲಿಯಾಗುವುದರೊಳಗೆ ತೀರ್ಮಾನವೂ ಮುಗಿದಿರುತ್ತಿತ್ತು. ಕೊನೆಯ ರೇಸ್ ಗೆದ್ದವನು ಇರಲಿ. ದುಡ್ಡು ಹಾಕುವವರ ಅಕ್ಕನ ಮಗ ಇರಲಿ. ಇನ್‌ಸ್ಟಾಗ್ರಾಂನಲ್ಲಿ ಫಾಲೋವರ್ಸ್ ಜಾಸ್ತಿ ಇರುವವನು ಇರಲಿ. ಉಳಿದ ಇಬ್ಬರು ಮನೆಗೆ.

ಹಾಗೆ ಮನೆಗೆ ಕಳಿಸಿದ ಸಿರುಗುಪ್ಪ ಕಡೆಯ ಹುಡುಗನೊಬ್ಬ ಮರುವರ್ಷ ಬೇರೆ ತಂಡದ ಜೆರ್ಸಿ ಹಾಕಿಕೊಂಡು ಬಂದ. ನಮ್ಮ ಮೂವರಿಗೂ ಮುಖದ ತುಂಬ ಮಣ್ಣು ತಿನ್ನಿಸಿ ಮುಂದೆ ಹೋದ. ಅವತ್ತಿನಿಂದ ಪೊಟ್ಟಣದ ಜೊತೆ ಒಂದು ನೋಟ್‌ಬುಕ್ಕೂ ಇಟ್ಟುಕೊಳ್ಳುತ್ತಿದ್ದೇನೆ. ಬೇರೆ ಊರಿನ ತಂಡಗಳಲ್ಲೂ ಇದೇ ತಪ್ಪು ಆಗುವುದನ್ನು ನೋಡಿದ್ದೇನೆ. ಅದಕ್ಕೇ ಈ ಬರಹ.

ಮೊದಲ ಕೆಲಸ: ಹತ್ತು ದಿನ ಸುಮ್ನಿರಿ. ಕೊನೆಯ ರೇಸಿನ ಧೂಳು ತಲೆಯಿಂದ ಇಳಿಯಲಿ. ಹೊರದೇಶದ ದೊಡ್ಡ ತಂಡಗಳು ಸೀಸನ್ ನಡೆಯುತ್ತಿರುವಾಗಲೇ ಸಹಿ ಹಾಕಿಸಿಕೊಳ್ಳುತ್ತವೆ. 2024ರಲ್ಲಿ ಶುರುವಾದ ನಮ್ಮ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನಲ್ಲಿ (ಸೂಪರ್‌ಕ್ರಾಸ್ ಅಂದರೆ ಸ್ಟೇಡಿಯಂ ಒಳಗೆ ನಡೆಯುವ ಮೋಟೊಕ್ರಾಸ್) ರೈಡರ್‌ಗಳನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಅವರ ಅವಸರ ಅವರಿಗೆ. ನಮ್ಮ ಹುಡುಗರಿಗಾಗಿ ಯಾರೂ ಬಾಗಿಲಲ್ಲಿ ಕಾಯುತ್ತಿಲ್ಲ.

ಎರಡನೆಯದು ಪಾಯಿಂಟ್ಸ್ ಪಟ್ಟಿ

ಪಟ್ಟಿ ನೋಡಿ, ಆದರೆ ಒಟ್ಟು ಮೊತ್ತವನ್ನು ಕೈಯಿಂದ ಮುಚ್ಚಿಕೊಂಡು ನೋಡಿ. ವಿಶ್ವ ಮೋಟೊಕ್ರಾಸ್‌ನಲ್ಲಿ ಒಂದು ದಿನಕ್ಕೆ ಎರಡು ಮೋಟೊ, ಅಂದರೆ ಎರಡು ಓಟ. ಗೆದ್ದವನಿಗೆ 25, ಆಮೇಲೆ 22, 20, 18, 16, 15, ಹೀಗೆ ಇಳಿದು ಇಪ್ಪತ್ತನೆಯವನಿಗೆ 1. ಇದೇ ಲೆಕ್ಕದಲ್ಲಿ ಒಬ್ಬ ನಾಲ್ಕು ಮೋಟೊದಲ್ಲೂ ಆರನೆಯವನಾಗಿ ಬಂದ ಅಂದುಕೊಳ್ಳಿ. ಅವನಿಗೆ 60. ಇನ್ನೊಬ್ಬ ಎರಡು ಸಲ ಎರಡನೆಯವನು, ಒಂದು ಸಲ ಆರನೆಯವನು, ಒಂದು ಸಲ ಮುಗಿಸಲೇ ಇಲ್ಲ. ಅವನಿಗೆ 59. ಪಟ್ಟಿಯ ಪ್ರಕಾರ ಮೊದಲನೆಯವನೇ ಮೇಲು.

ಈಗ ಆ ಸೊನ್ನೆ ಎಲ್ಲಿಂದ ಬಂತು ಅಂತ ಕೇಳಿ. ಚೈನ್ ಕಡಿದಿದ್ದರೆ ಅದು ಮೆಕ್ಯಾನಿಕ್ ಖಾತೆಗೆ, ಅಂದರೆ ನಿಮ್ಮ ಖಾತೆಗೆ. ಮೊದಲ ತಿರುವಿನಲ್ಲಿ ಹತ್ತು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರೆ ಅದು ಯಾರ ಖಾತೆಗೂ ಅಲ್ಲ. ಒಬ್ಬನೇ ಹೋಗುವಾಗ, ಎದುರಿಗೆ ಯಾರೂ ಇಲ್ಲದೆ, ಪ್ರತಿ ಲ್ಯಾಪೂ ಹಾರುವ ಅದೇ ಟೇಬಲ್‌ಟಾಪ್ (ಮೇಲೆ ಚಪ್ಪಟೆ ಇರುವ ದಿಬ್ಬ) ಮೇಲೆ ಬಿದ್ದಿದ್ದರೆ ಮಾತ್ರ ಅದು ಅವನ ಖಾತೆಗೆ. ಒಂದೊಂದು ಸೊನ್ನೆಯ ಮುಂದೆಯೂ ಕಾರಣ ಬರೆಯಿರಿ. ರೈಡರ್ ಹೇಳಿದ್ದನ್ನಲ್ಲ, ಟ್ರ್ಯಾಕ್ ಪಕ್ಕ ನಿಂತು ಕಣ್ಣಾರೆ ಕಂಡವರು ಹೇಳಿದ್ದನ್ನು ಬರೆಯಿರಿ.

ಮೂರನೆಯದು ಲ್ಯಾಪ್ ಟೈಮ್. ಎಲ್ಲರೂ ಎಡವುವುದು ಇಲ್ಲೇ

ತಂಡದವರು ಬಾಯಿಪಾಠ ಮಾಡಿಕೊಂಡಿರುವುದು ಒಂದೇ ಒಂದು ಅಂಕಿ. 'ನಮ್ಮ ಹುಡುಗ 1:38 ಹೊಡೆದ ನೋಡ್ರಿ.' ಒಂದು ಲ್ಯಾಪ್ 1:38 ಹೊಡೆಯುವುದಕ್ಕೆ ಧೈರ್ಯ ಇದ್ದರೆ ಸಾಕು. ನನಗೆ ಬೇಕಾಗಿರುವುದು ಮಿಕ್ಕ ಲ್ಯಾಪ್‌ಗಳು.

ನನ್ನ ನೋಟ್‌ಬುಕ್ಕಿನ ಒಂದು ಪುಟ ಇಲ್ಲಿದೆ. ಎಂಟು ಲ್ಯಾಪಿನ ಮೋಟೊ. ಹೊಸಪೇಟೆ ಹುಡುಗನದು 1:38, 1:38, 1:39, 1:41, 1:44, 1:46, 1:48, 1:49. ಕಂಪ್ಲಿ ಹುಡುಗನದು 1:42, 1:42, 1:41, 1:42, 1:42, 1:43, 1:42, 1:43. ಮೊದಲ ಮೂರು ಲ್ಯಾಪ್ ಮುಗಿದಾಗ ಹೊಸಪೇಟೆಯವನು ಹತ್ತು ಸೆಕೆಂಡ್ ಮುಂದಿದ್ದ. ಏಳನೇ ಲ್ಯಾಪ್ ಮುಗಿಯುವಾಗ ಇಬ್ಬರದೂ ಸರಿಯಾಗಿ 11 ನಿಮಿಷ 54 ಸೆಕೆಂಡ್. ಕೊನೆಗೆ ಕಂಪ್ಲಿಯವನು ಆರು ಸೆಕೆಂಡ್ ಮುಂದೆ. ನಮ್ಮ ಕಡೆ ಮೋಟೊ ಹೀಗೆ ಹದಿಮೂರು ಹದಿನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತದೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ಮೋಟೊ ಅಂದರೆ 30 ನಿಮಿಷ, ಅದರ ಮೇಲೆ ಇನ್ನೆರಡು ಲ್ಯಾಪ್. ಅಲ್ಲಿ ಹೊಸಪೇಟೆಯವನ ಗತಿ ಏನು?

ಪುಟ ಬರೆಯುವಾಗ ಮೂರು ಎಚ್ಚರಿಕೆ. ಸ್ಟಾರ್ಟ್ ಗೇಟ್ ಬಿದ್ದ ಮೊದಲ ಲ್ಯಾಪನ್ನು ಬೇರೆ ಬರೆಯಿರಿ, ಅದು ಸ್ಟಾರ್ಟ್ ಲೆಕ್ಕ. ಮುಂದೆ ಅಪಾಯ ಇದೆ ಅಂತ ಹಳದಿ ಬಾವುಟ ತೋರಿಸಿದ ಲ್ಯಾಪ್ ಹೊಡೆದುಹಾಕಿ. ನಿಧಾನದವನ ಹಿಂದೆ ಸಿಕ್ಕಿಹಾಕಿಕೊಂಡ ಲ್ಯಾಪ್‌ಗೆ ಸುತ್ತು ಹಾಕಿ, ಆದರೆ ಹೊಡೆಯಬೇಡಿ. ದಾರಿ ಬಿಡಿಸಿಕೊಂಡು ಹೋಗುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡ ಅನ್ನುವುದೂ ರೈಡಿಂಗೇ ಅಲ್ವಾ.

ಮೊಬೈಲನ್ನು ಜೇಬಲ್ಲಿಟ್ಟುಕೊಂಡು ಆ್ಯಪ್‌ನಲ್ಲಿ ಲ್ಯಾಪ್ ಅಳೆಯುವವರಿದ್ದಾರೆ. ದಯವಿಟ್ಟು ಬೇಡ. ಸಣ್ಣ ಟ್ರ್ಯಾಕ್‌ನಲ್ಲಿ ಅದು ಒಂದೊಂದು ಸಲ ಒಂದು ಸೆಕೆಂಡ್ ಆಚೆ ಈಚೆ ತೋರಿಸುತ್ತದೆ. ನಾವು ಹುಡುಕುತ್ತಿರುವುದೇ ಆ ಒಂದು ಸೆಕೆಂಡ್. ಕೈಯಲ್ಲಿ ಒತ್ತುವ ಹಳೇ ಸ್ಟಾಪ್‌ವಾಚು, ಟ್ರ್ಯಾಕ್ ಪಕ್ಕ ಒಂದು ಕಂಬದ ಗುರುತು, ಒತ್ತುವುದಕ್ಕೆ ಕೊನೆತನಕ ಒಬ್ಬನೇ ಹುಡುಗ. ಇಷ್ಟು ಸಾಕು.

ಇನ್ನು ಹೊಸಪೇಟೆಯವನು ಯಾಕೆ ನಿಧಾನವಾದ? ಇದು ಗೊತ್ತಾಗದೆ ಯಾರನ್ನೂ ತೆಗೆಯಬೇಡಿ, ಯಾರನ್ನೂ ಇಟ್ಟುಕೊಳ್ಳಲೂ ಬೇಡಿ. ಟ್ರ್ಯಾಕನ್ನು ಮೂರು ತುಂಡು ಮಾಡಿ. ಒಂದೊಂದಕ್ಕೂ ಒಬ್ಬನನ್ನು ನಿಲ್ಲಿಸಿ ಬೇರೆ ಬೇರೆ ಟೈಮ್ ತೆಗೆಯಿರಿ. ಮೂರೂ ಕಡೆ ಸಮನಾಗಿ ನಿಧಾನವಾದರೆ ದಮ್ಮು ಸಾಲುತ್ತಿಲ್ಲ ಎಂದರ್ಥ. ಬ್ರೇಕ್ ಹಿಡಿಯುವ ಕಡೆ ಮಣ್ಣು ಕುಳಿಬಿದ್ದಿರುತ್ತದಲ್ಲ, ಅಲ್ಲಿ ಮಾತ್ರ ನಿಧಾನವಾದರೆ ಕೈ ನೋಡಿ. ಮುಂಗೈ ಕಲ್ಲಿನಂತೆ ಗಟ್ಟಿಯಾಗಿ, ಕ್ಲಚ್ ಹಿಡಿಯಲು ಬೆರಳು ಮಡಚದ ಸ್ಥಿತಿಗೆ ಆರ್ಮ್ ಪಂಪ್ ಎನ್ನುತ್ತಾರೆ. ಮೊಣಕಾಲಿನಲ್ಲಿ ಗಾಡಿ ಒತ್ತಿ ಹಿಡಿಯದೆ ಕೈಯಲ್ಲೇ ನೇತಾಡುವವರಿಗೆ ಇದು ಬೇಗ ಬರುತ್ತದೆ. ಇದನ್ನು ಕಲಿಸಿ ಸರಿಮಾಡಬಹುದು. ಹಾರಿ ಇಳಿದ ಮೇಲೆ ಮಾತ್ರ ನಿಧಾನವಾದರೆ ರೈಡರ್‌ನನ್ನು ಬಿಡಿ, ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿ. ಒಳಗಿನ ಎಣ್ಣೆ ಕಾದು ತೆಳ್ಳಗಾದರೆ ಹಿಂದಿನ ಚಕ್ರ ಕುದುರೆಯ ಹಾಗೆ ಒದೆಯುತ್ತದೆ. ಹುಡುಗ ತಾನಾಗಿಯೇ ಥ್ರಾಟಲ್ ಇಳಿಸುತ್ತಾನೆ.

ನನ್ನ ಅಭಿಪ್ರಾಯ ಕೇಳಿದರೆ, ಹದಿನೆಂಟರ ಹುಡುಗನದು ಈ ಹೊಸಪೇಟೆ ಪುಟ ಆಗಿದ್ದರೆ ಕಣ್ಣುಮುಚ್ಚಿ ಇಟ್ಟುಕೊಳ್ಳಿ. ವೇಗ ಇರುವವನಿಗೆ ದಮ್ಮು ತುಂಬಬಹುದು. ದಿನಾ ಬೆಳಗ್ಗೆ ಕೋಟೆ ಗುಡ್ಡ ಹತ್ತಿಸಿದರೆ ಆರು ತಿಂಗಳಲ್ಲಿ ಬದಲಾಗುತ್ತದೆ. ಇಪ್ಪತ್ತೇಳರವನದು ಇದೇ ಪುಟ ಆಗಿದ್ದರೆ, ಅವನು ಇಷ್ಟು ವರ್ಷ ಏನು ಮಾಡುತ್ತಿದ್ದ?

ಇಷ್ಟಕ್ಕೆಲ್ಲ ಟೈಮ್ ಇಲ್ಲ ಅನ್ನುವವರಿಗೆ ಒಂದು ಅಡ್ಡದಾರಿ: ಪ್ರತಿ ರೇಸಿನ ಎರಡನೇ ಮೋಟೊದ ಕೊನೆಯ ಮೂರು ಲ್ಯಾಪ್ ಮಾತ್ರ ತೆಗೆದು ಸರಾಸರಿ ಮಾಡಿ. ಪೂರ್ತಿ ಸತ್ಯ ಹೇಳುವುದಿಲ್ಲ. ಪಾಯಿಂಟ್ಸ್ ಪಟ್ಟಿಗಿಂತ ಜಾಸ್ತಿ ಹೇಳುತ್ತದೆ.

ನಾಲ್ಕನೆಯದು ಗಾಡಿ ಅದಲುಬದಲು

ತೆಗೆಯಬೇಕು ಅಂದುಕೊಂಡವನನ್ನೂ ಇಟ್ಟುಕೊಳ್ಳಬೇಕು ಅಂದುಕೊಂಡವನನ್ನೂ ಒಂದೇ ದಿನ ಟ್ರ್ಯಾಕ್‌ಗೆ ಕರೆಸಿ. ಬೆಳಗ್ಗೆ ಆರೂವರೆಗೆ ಶುರುಮಾಡಿ. ಬಳ್ಳಾರಿ ಬಿಸಿಲಿನಲ್ಲಿ ಹತ್ತರ ಮೇಲೆ ತೆಗೆದ ಟೈಮ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ಮೊದಲು ಇಬ್ಬರೂ ತಮ್ಮ ತಮ್ಮ ಗಾಡಿಯಲ್ಲಿ ನಾಲ್ಕು ಲ್ಯಾಪ್. ಆಮೇಲೆ ಗಾಡಿ ಬದಲಿಸಿ ನಾಲ್ಕು. ಮತ್ತೆ ತಮ್ಮ ಗಾಡಿಯಲ್ಲಿ ನಾಲ್ಕು. ಪ್ರತಿ ಸಲವೂ ಮೊದಲ ಲ್ಯಾಪ್ ಬಿಟ್ಟು ಮೂರನ್ನೇ ಲೆಕ್ಕಕ್ಕೆ ಹಿಡಿಯಿರಿ. ಕೊನೆಯ ನಾಲ್ಕು ಯಾಕೆ ಅಂದರೆ, ಹೊತ್ತೇರಿದಂತೆ ಟ್ರ್ಯಾಕೂ ಬದಲಾಗಿರುತ್ತದೆ. ಅದು ಎಷ್ಟು ಅಂತ ಗೊತ್ತಾಗಬೇಕಲ್ಲ.

ಸುಮ್ನೆ ಗಾಡಿ ಬದಲಿಸಿ ಕೂರಿಸಿದರೆ ಆಗಲಿಲ್ಲ. 55 ಕೆಜಿ ಹುಡುಗನಿಗೆ ಹೊಂದಿಸಿದ ಗಾಡಿ ಮೇಲೆ 75 ಕೆಜಿಯವನು ಕೂತರೆ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಆಚೆ ಜಾರುತ್ತದೆ. ಆಮೇಲೆ 'ಅವನಿಗೆ ತಿರುಗಿಸೋಕೆ ಬರಲ್ಲ' ಎಂಬ ಮಾತು. ರೈಡರ್ ಪೂರ್ತಿ ಗೇರ್ ಹಾಕಿಕೊಂಡು ಕೂತಾಗ ಹಿಂದಿನ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ ಅಂತ ಆ್ಯಕ್ಸಲ್‌ನಿಂದ ಮಡ್‌ಗಾರ್ಡ್‌ವರೆಗೆ ಟೇಪು ಹಿಡಿದು ಅಳೆಯಬೇಕು. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ದೊಡ್ಡ ಮೋಟೊಕ್ರಾಸ್ ಗಾಡಿಗಳಲ್ಲಿ ಇದನ್ನು 100ರಿಂದ 105 ಮಿಲಿಮೀಟರ್ ಹತ್ತಿರ ಇಡುತ್ತಾರೆ. ನಮ್ಮ 200 ಸಿಸಿ ಗಾಡಿಗಳಲ್ಲಿ ಕಡಿಮೆ. ಗಾಡಿ ಬದಲಿಸುವಾಗಲೆಲ್ಲ ಸ್ಪ್ರಿಂಗ್ ಬಿಗಿ ಸರಿಮಾಡಿ. ಹ್ಯಾಂಡಲ್ ಮೇಲಿನ ಕ್ಲಚ್ ಲಿವರ್ ಅವನ ಬೆರಳಿಗೆ ಸಿಗುವ ಹಾಗೆ ತಿರುಗಿಸಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದವರೇ ಜಾಸ್ತಿ.

ನಾವು ಮೊದಲ ಸಲ ಹೀಗೆ ಮಾಡಿದಾಗ ತೆಗೆಯಬೇಕೆಂದಿದ್ದ ಹುಡುಗ ತನ್ನ ಗಾಡಿಯಲ್ಲಿ 1:43, ಇನ್ನೊಬ್ಬನ ಗಾಡಿಯಲ್ಲಿ 1:40. ಚೆನ್ನಾಗಿ ಓಡಿಸುತ್ತಾನೆ ಅಂದುಕೊಂಡವನು ಇವನ ಗಾಡಿ ಹತ್ತಿ 1:43ಕ್ಕೆ ಬಂದು ನಿಂತ. ಹೆಲ್ಮೆಟ್ ತೆಗೆದು, 'ಅಣ್ಣ, ಈ ಗಾಡಿ ಮ್ಯಾಲೆ ಇವನು ವರ್ಷಪೂರ್ತಿ ಹೆಂಗ್ ಓಡಿಸಿದ?' ಅಂದ. ಶಾಕ್ ಬಿಚ್ಚಿದೆವು. ಸೀಸನ್ ಉದ್ದಕ್ಕೂ ಒಂದು ಸಲವೂ ಎಣ್ಣೆ ಬದಲಿಸಿರಲಿಲ್ಲ. ಒಳಗಿನಿಂದ ಬಂದದ್ದು ಕೆಸರು ಬಣ್ಣದ ನೀರು. ಆ ಗಾಡಿಯ ಜವಾಬ್ದಾರಿ ನನ್ನದಾಗಿತ್ತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಜೆರೆಮಿ ಮೆಕ್‌ಗ್ರಾತ್ 1993ರಿಂದ 1996ರವರೆಗೆ ಹೋಂಡಾ ಮೇಲೆ ಸತತ ನಾಲ್ಕು ಸೂಪರ್‌ಕ್ರಾಸ್ ಪ್ರಶಸ್ತಿ ಗೆದ್ದ. 1997ಕ್ಕೆ ಸುಜುಕಿ ಹತ್ತಿದ, ಪ್ರಶಸ್ತಿ ಹೋಯಿತು. ಮರುವರ್ಷ ಯಮಹಾಗೆ ಬಂದು 1998, 1999, 2000, ಮೂರೂ ಗೆದ್ದ. 1997ರ ಪಟ್ಟಿ ಒಂದನ್ನೇ ಹಿಡಿದು ಅವನನ್ನು ಬೇಡ ಅಂದವರಿದ್ದರೆ ಆಮೇಲೆ ಏನಂದುಕೊಂಡರೋ.

ಮಣ್ಣಿನ ವಿಷಯ ಒಂದು ಮಾತು. ನಮ್ಮ ಕಡೆ ಒಂದು ಊರಲ್ಲಿ ಮಸಾರಿ ಅನ್ನುವ ಕೆಂಪು ಮಣ್ಣು, ಹತ್ತು ಮೈಲಿ ಆಚೆ ಎರೆ ಅನ್ನುವ ಕಪ್ಪು ಮಣ್ಣು. ಮಸಾರಿ ನೆಲ ಗಟ್ಟಿ, ಟೈರ್ ಜಾರುತ್ತದೆ. ಎರೆ ಒಣಗಿದ್ದರೆ ಬಿರುಕು, ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಗಾಡಿ ನಿಂತೇ ಬಿಡುತ್ತದೆ. ಒಂದೇ ನೆಲದಲ್ಲಿ ಪರೀಕ್ಷೆ ಮಾಡಿದರೆ ಆ ಊರಿನ ಹುಡುಗನೇ ಗೆಲ್ಲುವುದು.

ಪೆಟ್ಟಾದವನನ್ನು ಏನು ಮಾಡುವುದು?

ಕಾಲರ್ ಬೋನ್ ಮುರಿದವನನ್ನು ತೆಗೆದುಹಾಕುವುದು ದಡ್ಡತನ, ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ವಾಪಸ್ ಬರುತ್ತಾನೆ. ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆಗಿದ್ದರೆ ಒಂದು ಸೀಸನ್ನೇ ಹೋಯಿತು ಅಂದುಕೊಳ್ಳಿ. ತಲೆಗೆ ಪೆಟ್ಟಾದವನ ವಿಷಯದಲ್ಲಿ ಡಾಕ್ಟರ್ ಹೇಳಿದ್ದೇ ಕೊನೆ, ನಿಮ್ಮ ಲೆಕ್ಕ ಬೇಡ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಗುವ ಮೊಣಕಾಲು ಗಾರ್ಡ್ ತರಿಸಿ ಕೊಟ್ಟು ಆಮೇಲೆ ಪೆಟ್ಟಾಯಿತು ಅಂತ ಹುಡುಗನನ್ನು ಬೈಯುವ ತಂಡಗಳೂ ಇವೆ. ಆ ಗಾರ್ಡ್ ಬಾಗಿಲಿಗೆ ಒರಗಿಸಿದರೇ ಬಾಗುತ್ತದೆ.

ಕಾಯ್ದವರಿಗೆ ಏನು ಸಿಕ್ಕಿತು ಅನ್ನುವುದಕ್ಕೆ ಕೇರಳದ ಹರಿತ್ ನೋವಾ ಇದ್ದಾರೆ. ಹಲವು ಬಾರಿ ರಾಷ್ಟ್ರೀಯ ಸೂಪರ್‌ಕ್ರಾಸ್ ಚಾಂಪಿಯನ್. 2023ರಲ್ಲಿ, ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಾಕಾರ್ ರ‍್ಯಾಲಿಯಲ್ಲಿ ಶುರುವಿನಲ್ಲೇ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಹೊರಬಿದ್ದರು. ಶೆರ್ಕೊ ಟಿವಿಎಸ್ ತಂಡ ಬಿಡಲಿಲ್ಲ. 2024ರಲ್ಲಿ ಅದೇ ರ‍್ಯಾಲಿಯಲ್ಲಿ ರ‍್ಯಾಲಿ 2 ವಿಭಾಗ ಗೆದ್ದು, ಒಟ್ಟಾರೆ 11ನೆಯವರಾಗಿ ಬಂದರು. ನೆದರ್‌ಲ್ಯಾಂಡ್ಸ್‌ನ ಜೆಫ್ರಿ ಹೆರ್ಲಿಂಗ್ಸ್ 2022ರ ವಿಶ್ವ ಮೋಟೊಕ್ರಾಸ್ ಸೀಸನ್ ಪೂರ್ತಿ ಓಡಿಸಲೇ ಇಲ್ಲ, ಹಿಮ್ಮಡಿ ಮುರಿದಿತ್ತು. ಕೆಟಿಎಂ ಅವನ ಜಾಗ ಹಾಗೇ ಇಟ್ಟಿತ್ತು.

ದುಡ್ಡು, ನಡತೆ: ಒಬ್ಬೊಬ್ಬನಿಗೂ ಟೈರು, ಕ್ಲಚ್ ಪ್ಲೇಟು, ಎಂಜಿನ್ ಕೆಲಸ, ಎಂಟ್ರಿ ಫೀಸು, ಓಡಾಟ ಎಷ್ಟಾಯಿತು ಅಂತ ಬಿಲ್ ಕೂಡಿಸಿ. ಒಂದೇ ಟೈಮ್ ಹೊಡೆಯುವ ಇಬ್ಬರಲ್ಲಿ ಒಬ್ಬ ವರ್ಷಕ್ಕೆ ಎರಡು ಕ್ಲಚ್ ಸುಡುತ್ತಾನೆ, ಇನ್ನೊಬ್ಬ ಆರು. ಇನ್ನು, ಪ್ರಾಕ್ಟೀಸ್ ಆದ ಮೇಲೆ ಗಾಡಿ ತೊಳೆಯದೆ ಹೋಗುವವನನ್ನು ನಾನು ಇಟ್ಟುಕೊಳ್ಳುವುದಿಲ್ಲ. ಎಷ್ಟೇ ಫಾಸ್ಟ್ ಇರಲಿ. ಇದಕ್ಕೆ ಕಾರಣ ಕೇಳಬೇಡಿ.

ಕೊನೆಯದು ಹೇಳುವುದು

ವಾಟ್ಸ್‌ಆ್ಯಪ್ ಗ್ರೂಪಿನಿಂದ ತೆಗೆದುಹಾಕಿ ತಿಳಿಸುವ ಪದ್ಧತಿ ಶುರುವಾಗಿದೆ. ಅದು ಬೇಡ. ಗ್ಯಾರೇಜಿಗೂ ಕರೆಯಬೇಡಿ, ಅಲ್ಲಿ ಉಳಿದವರು ಸ್ಪ್ಯಾನರ್ ಹಿಡಿದು ಕಿವಿಗೊಟ್ಟಿರುತ್ತಾರೆ. ನಾನು ಅವರ ಮನೆಗೇ ಹೋಗುತ್ತೇನೆ, ಅಪ್ಪ ಅಮ್ಮ ಇರುವ ಹೊತ್ತಿಗೆ. ಚಹಾ ಬರುವ ಮೊದಲೇ ವಿಷಯ ಹೇಳಿಬಿಡುತ್ತೇನೆ. ಚಹಾ ಕುಡಿದ ಮೇಲೆ ಬಾಯಿ ಬರುವುದಿಲ್ಲ. ಬಾಕಿ ದುಡ್ಡು ಇದ್ದರೆ ಅವತ್ತೇ ಕೊಡಿ. ಗೇರ್ ಯಾವುದು ಅವನದು, ಯಾವುದು ತಂಡದ್ದು ಅಂತ ಚೀಟಿಯಲ್ಲಿ ಬರೆದು ಕೊಡಿ. ರೇಸ್ ಲೈಸೆನ್ಸ್ ವರ್ಷವರ್ಷ ಹೊಸದು ಮಾಡಿಸಬೇಕಾಗುತ್ತದೆ. ಅದಕ್ಕೆ ಮೊದಲೇ ಹೇಳಿದರೆ ಅವನಿಗೆ ಬೇರೆ ತಂಡ ಹುಡುಕಲು ಟೈಮ್ ಸಿಗುತ್ತದೆ.

ಕಳೆದ ಸಲ ಹೀಗೆ ಹೇಳಿ ಎದ್ದು ಹೊರಟಾಗ ಹುಡುಗ ಬಾಗಿಲ ತನಕ ಬಂದ. ಬೈಯಲಿಲ್ಲ. 'ಅಣ್ಣ, ಆ ಟೈಮ್ ಬರ‍್ಕೊಂಡಿದ್ದ ಬುಕ್ಕು ಐತಲ್ಲ, ನಂದಷ್ಟು ಕೊಡ್ತೀಯೇನು?' ಅಂದ. ಮೋತಿ ಸರ್ಕಲ್ ಹತ್ತಿರ ಅವನ ಇಪ್ಪತ್ಮೂರು ಪುಟ ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಕೊಟ್ಟೆ. ನೀವೂ ಕೊಡಿ. ಬೇರೆ ತಂಡದವರು ಮೊದಲು ಕೇಳುವುದು ಅದನ್ನೇ.