ಕನ್ನಡಕ ಬಿಡಿಸೋ ಕಣ್ಣಿನ ಆಪರೇಷನ್: ಖರ್ಚು ಎಲ್ಲೆಲ್ಲಿ ಬೀಳತ್ತೆ, ಮುಂಚೆ ಏನೇನು ವಿಚಾರಿಸ್ಬೇಕು

ಕನ್ನಡಕ ಬಿಡಿಸೋ ಆಪರೇಷನ್ ಅಂದ ತಕ್ಷಣ ಎಲ್ರೂ ಕೇಳೋದು ಎರಡೇ, ಎಷ್ಟಾಗತ್ತೆ, ನೋವಾಗತ್ತಾ. ಎರಡಕ್ಕೂ ಉತ್ತರ ಇದೆ, ಆದ್ರೆ ಅದಕ್ಕಿಂತ ಮುಂಚೆ ನಿಮ್ಮ ಕಣ್ಣಿಗೆ ಇದು ಆಗಿಬರತ್ತಾ ಅಂತ ಗೊತ್ತಾಗ್ಬೇಕು. ತುಂಬಾ ಜನ ಮಷೀನ್ ಹೆಸರು, ಆಫರ್, ಕಂತು ಎಲ್ಲಾ ವಿಚಾರಿಸಿ ಮುಗಿಸಿ, ರಜಾನೂ ಹಾಕಿ, ಆಮೇಲೆ ಟೆಸ್ಟಿಗೆ ಹೋಗ್ತಾರೆ, ಅಲ್ಲಿ ಡಾಕ್ಟರು ನಿಮ್ಮ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ, ತೆಳು ಇದೆ ಬೇಡ ಅಂದ್ಬಿಟ್ರೆ ಮುಖ ಸಪ್ಪಗಾಗತ್ತೆ, ಇನ್ನೂ ಕೆಟ್ಟದ್ದು ಅಂದ್ರೆ ಹೂಂ ಅನ್ನೋ ಬೇರೆ ಕಡೆ ಹುಡ್ಕೊಂಡು ಹೋಗ್ತಾರೆ. ಹಾಗಾಗಿ ಮೊದಲು ಕಣ್ಣು, ಆಮೇಲೆ ದುಡ್ಡು.

ಮನೇಲೇ ಮಾಡ್ಬಹುದಾದ ಕೆಲಸ ಒಂದಿದೆ. ಹಳೇ ಕನ್ನಡಕದ ಚೀಟಿಗಳನ್ನೆಲ್ಲಾ ಹುಡುಕಿ ತೆಗೀರಿ. ವಯಸ್ಸು ಕನಿಷ್ಠ 18 ಆಗಿರ್ಬೇಕು, ಅದಕ್ಕಿಂತ ಮುಖ್ಯ ಅಂದ್ರೆ ಕಡೇ ಪಕ್ಷ ಒಂದು ವರ್ಷದಿಂದ ಪವರ್ ನಿಂತಿರ್ಬೇಕು, ಅರ್ಧ ಪಾಯಿಂಟಿಗಿಂತ ಜಾಸ್ತಿ ಬದಲಾಗಿರಬಾರದು. ಇನ್ನೂ ಏರ್ತಾ ಇರೋ ಪವರ್ ಮೇಲೆ ಲೇಸರ್ ಮಾಡಿಸಿದ್ರೆ ಆ ಏರಿಕೆ ಏನೂ ನಿಲ್ಲಲ್ಲ, ಎರಡು ವರ್ಷದಲ್ಲಿ ಮತ್ತೆ ಕನ್ನಡಕ ಬರತ್ತೆ, ಕೊಟ್ಟ ದುಡ್ಡು ನೀರಲ್ಲಿ ಹೋಮ. ಬಸುರಿಯರು, ಹಾಲುಣಿಸ್ತಾ ಇರೋರು ಕಾಯ್ಬೇಕು, ಹಾರ್ಮೋನ್ ಏರುಪೇರಿಗೆ ಪವರ್ರೂ ಏರುಪೇರಾಗತ್ತೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೋತಾ ಇದ್ರೆ ಹೇಳ್ಲೇಬೇಕು, ಅದು ಕಣ್ಣು ಒಣಗಿಸತ್ತೆ. ಹತೋಟಿಗೆ ಬರದ ಶುಗರ್, ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಹಿಂದೆ ಯಾವಾಗಾದ್ರೂ ಕಣ್ಣಿಗೆ ಹರ್ಪಿಸ್ ಆಗಿದ್ದು, ಇವುಗಳಲ್ಲಿ ಒಂದನ್ನೂ ಮುಚ್ಚಿಡ್ಬೇಡಿ, ರಿಜೆಕ್ಟ್ ಆಗ್ಬಿಡ್ತೀವಿ ಅಂತ ಮುಚ್ಚಿಟ್ರೆ ಗಾಯ ಮಾಯದೆ ಒದ್ದಾಡೋದು ನಾವೇ ತಾನೆ. ಮನೇಲಿ ಯಾರಿಗಾದ್ರೂ ಕೆರಟೋಕೋನಸ್ ಇದ್ಯಾ, ಅಂದ್ರೆ ಕಾರ್ನಿಯಾ ತೆಳುವಾಗ್ತಾ ಮುಂದಕ್ಕೆ ಚೂಪಾಗೋ ಕಾಯಿಲೆ, ಅದನ್ನೂ ಕೇಳಿ ತಿಳ್ಕೊಂಡು ಹೋಗಿ. ಕಣ್ಣು ಉಜ್ಜೋ ಅಭ್ಯಾಸ ಇರೋರು ಇವತ್ತಿಂದಲೇ ಬಿಡಿ, ಆಪರೇಷನ್ ಆಗ್ಲಿ ಬಿಡ್ಲಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಟೆಸ್ಟಿಗೆ ಮುಂಚೇನೇ ನಿಲ್ಲಿಸ್ಬೇಕು, ಸಾಫ್ಟ್ ಲೆನ್ಸ್ ಆದ್ರೆ ಸುಮಾರು ಎರಡು ವಾರ, ಗಟ್ಟಿ ಲೆನ್ಸ್ ಆದ್ರೆ ಮೂರು ವಾರ ಅಥವಾ ಇನ್ನೂ ಜಾಸ್ತಿ. ಲೆನ್ಸ್ ಕೂತು ಕೂತು ಕಾರ್ನಿಯಾದ ಆಕಾರ ಸ್ವಲ್ಪ ಒತ್ತಿರತ್ತೆ, ಅದು ತನ್ನ ಆಕಾರಕ್ಕೆ ವಾಪಸ್ ಬರೋ ಮುಂಚೆ ಅಳತೆ ತೆಗೆದ್ರೆ ಅಳತೆನೇ ತಪ್ಪು, ತಪ್ಪು ಅಳತೆಗೆ ಎಷ್ಟು ದುಬಾರಿ ಮಷೀನ್ ಇದ್ರೇನು. ಇವತ್ತು ಲೆನ್ಸ್ ತೆಗೆದು ಬನ್ನಿ, ಇವತ್ತೇ ಟೆಸ್ಟ್, ನಾಳೆನೇ ಆಪರೇಷನ್ ಅಂತ ಯಾರಾದ್ರೂ ಅಂದ್ರೆ ನಾನಂತೂ ಅಲ್ಲಿಂದ ಎದ್ದು ಬರ್ತೀನಿ.

ಟೆಸ್ಟಿನ ದಿನ ಎರಡು ಮೂರು ಗಂಟೆ ಇಟ್ಕೊಳ್ಳಿ, ವಾಪಸ್ ಬರುವಾಗ ಗಾಡಿ ಓಡಿಸೋಕಾಗಲ್ಲ, ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿರ್ತಾರೆ, ಬಿಸಿಲು ಕುಕ್ಕತ್ತೆ, ಮೊಬೈಲ್ ಅಕ್ಷರ ಕಾಣಲ್ಲ. ಆ ಡ್ರಾಪ್ಸ್ ಹಾಕದೆ ಪವರ್ ಫೈನಲ್ ಮಾಡಿದ್ರೆ ಯಾಕೆ ಅಂತ ಕೇಳಿ, ಕಣ್ಣಿನ ಮಾಂಸಖಂಡ ಬಿಗಿ ಹಿಡಿದಿದ್ರೆ ನಿಜವಾದ ಪವರ್ ಅಡಗಿರತ್ತೆ. ಕಾರ್ನಿಯಾದ ನಕ್ಷೆ ತೆಗೀತಾರೆ, ಅದಕ್ಕೆ ಟೊಪೋಗ್ರಫಿ ಅಥವಾ ಟೊಮೋಗ್ರಫಿ ಅಂತಾರೆ, ಹಿಂಬದಿಯ ಆಕಾರಾನೂ ತೋರಿಸೋದು ಟೊಮೋಗ್ರಫಿ, ಕೆರಟೋಕೋನಸ್ ಶುರುವಲ್ಲೇ ಸಿಗೋದು ಅದ್ರಲ್ಲಿ. ದಪ್ಪ ಅಳೀತಾರೆ, ಕಣ್ಣೀರು ಸಾಕಷ್ಟು ಇದ್ಯಾ ನೋಡ್ತಾರೆ, ಕಣ್ಣಿನ ಹಿಂಬದಿಯ ಪರದೆ, ಅಂದ್ರೆ ರೆಟಿನಾದಲ್ಲಿ ತೂತು ಅಥವಾ ತೆಳು ಜಾಗ ಇದ್ಯಾ ನೋಡ್ತಾರೆ. ರೆಟಿನಾದಲ್ಲಿ ಏನಾದ್ರೂ ಸಿಕ್ರೆ ಮೊದಲು ಅದಕ್ಕೆ ಬೇರೆ ಲೇಸರ್ ಹಾಕ್ಬೇಕಾಗಬಹುದು, ಅದರ ಬಿಲ್ಲೂ ಬೇರೆ.

ಈಗ ಒಂದು ಸಣ್ಣ ಲೆಕ್ಕ, ಇದನ್ನ ಅರ್ಥ ಮಾಡ್ಕೊಂಡ್ರೆ ಡಾಕ್ಟರ ಹತ್ರ ಅರ್ಧ ಮಾತು ಮುಗೀತು. ಸಾಮಾನ್ಯ ಕಾರ್ನಿಯಾದ ಮಧ್ಯಭಾಗದ ದಪ್ಪ ಸುಮಾರು 540 ಮೈಕ್ರಾನ್, ಅಂದ್ರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಲೇಸಿಕ್ ಅನ್ನೋ ಲೇಸರ್ ವಿಧಾನದಲ್ಲಿ ಮೇಲಿನ ಪದರನ ಮುಚ್ಚಳದ ಥರ ಎತ್ತುತ್ತಾರೆ, ಅದು ಹತ್ರ ಹತ್ರ 110 ಮೈಕ್ರಾನ್. ಮೈನಸ್ ಪವರಿಗೆ ಒಂದೊಂದು ಪಾಯಿಂಟಿಗೂ ಸುಮಾರು 12ರಿಂದ 15 ಮೈಕ್ರಾನ್ ಸವೆಸ್ಬೇಕು. ಮೈನಸ್ 6 ಇದ್ರೆ, 14ರ ಲೆಕ್ಕದಲ್ಲಿ 84 ಹೋಗತ್ತೆ, 540ರಲ್ಲಿ 110 ಕಳೆದು 84 ಕಳೆದ್ರೆ 346 ಉಳೀತು, ಆರಾಮು. ಅದೇ 490 ಮೈಕ್ರಾನ್ ಕಾರ್ನಿಯಾ, ಪವರ್ ಮೈನಸ್ 8 ಅಂದ್ಕೊಳ್ಳಿ, 110 ಮತ್ತು 112 ಕಳೆದ್ರೆ ಉಳಿಯೋದು 268. ಕೆಳಗೆ 250ಕ್ಕಿಂತ ಕಮ್ಮಿ ಬಿಡಲೇಬಾರದು ಅನ್ನೋದು ಹಳೇ ರೂಲು, ಈಗ 300 ಹತ್ರ ಇದ್ರೆ ಒಳ್ಳೇದು ಅಂತಾರೆ, ಅದೂ ಅಲ್ದೆ ಒಟ್ಟು ದಪ್ಪದಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಭಾಗಕ್ಕೆ ಕೈ ಹಾಕಿದ್ರೆ ಅಪಾಯ ಏರತ್ತೆ, ಇಲ್ಲಿ 490ರಲ್ಲಿ 222, ಅಂದ್ರೆ ನೂರಕ್ಕೆ 45 ಆಯ್ತು. ತೀರಾ ತೆಳುವಾದ್ರೆ ಕಣ್ಣೊಳಗಿನ ಒತ್ತಡಕ್ಕೆ ಕಾರ್ನಿಯಾ ಉಬ್ಬಿ ಬರಬಹುದು, ಅದನ್ನ ಕನ್ನಡಕದಿಂದ ಸರಿ ಮಾಡೋಕಾಗಲ್ಲ. ನನ್ನ ಕೇಸಲ್ಲಿ ಕೆಳಗೆ ಎಷ್ಟು ಉಳಿಯತ್ತೆ ಡಾಕ್ಟ್ರೇ ಅಂತ ನೇರವಾಗಿ ಕೇಳಿ, ನಂಬರ್ ಹೇಳದೆ ಚಿಂತೆ ಮಾಡ್ಬೇಡಿ ಅಂತ ಬೆನ್ನು ತಟ್ಟೋರಿದ್ರೆ ಚಿಂತೆ ಮಾಡಿ.

ವಿಧಾನಗಳ ಹೆಸರಲ್ಲೇ ಅರ್ಧ ಮಾರ್ಕೆಟಿಂಗ್ ನಡೆಯೋದು, ಮೂಲದಲ್ಲಿ ಇರೋದು ನಾಲ್ಕು. ಪಿಆರ್‌ಕೆನಲ್ಲಿ ಮುಚ್ಚಳ ಇಲ್ಲ, ಮೇಲಿನ ಚರ್ಮದಂಥ ಪದರ ತೆಗೆದು ಲೇಸರ್ ಹಾಕ್ತಾರೆ, ಅದು ಮತ್ತೆ ಬೆಳೀಬೇಕು, ಮೂರ್ನಾಲ್ಕು ದಿನ ಉರಿ ಜೋರು, ನೋಟ ಪೂರ್ತಿ ಕೂರೋಕೆ ವಾರಗಟ್ಟಲೆ. ಆದ್ರೆ ಕಾರ್ನಿಯಾ ಜಾಸ್ತಿ ಉಳಿಯತ್ತೆ, ಕುಸ್ತಿ ಬಾಕ್ಸಿಂಗ್ ಆಡೋರಿಗೆ ಮುಚ್ಚಳ ಜರುಗೋ ಭಯ ಇಲ್ಲ. ಸಾಮಾನ್ಯವಾಗಿ ಅಗ್ಗವೂ ಹೌದು, ಅಗ್ಗ ಅಂತ ಹಳೇ ಕಾಲದ್ದು ಅಂದ್ಕೋಬೇಡಿ. ಲೇಸಿಕ್‌ನಲ್ಲಿ ಮಾರನೇ ದಿನಕ್ಕೇ ನೋಟ ಸ್ಪಷ್ಟ. ಸ್ಮೈಲ್‌ನಲ್ಲಿ ಕಾರ್ನಿಯಾ ಒಳಗೇ ಒಂದು ತೆಳ್ಳನೆ ಬಿಲ್ಲೆ ಕೊರೆದು, ಎರಡರಿಂದ ನಾಲ್ಕು ಮಿಲಿಮೀಟರ್ ಸಣ್ಣ ಕಿಂಡಿಯಿಂದ ಹೊರಗೆ ಎಳೀತಾರೆ, ಇದು ಮುಖ್ಯವಾಗಿ ಮೈನಸ್ ಪವರ್ ಮತ್ತು ಸಿಲಿಂಡರಿಗೆ, ಅಂದ್ರೆ ಕಾರ್ನಿಯಾ ಎಲ್ಲಾ ಕಡೆ ಒಂದೇ ಸಮ ದುಂಡಗಿಲ್ಲದೆ ಬರೋ ಪವರಿಗೆ. ನಾಲ್ಕನೇದು ಐಸಿಎಲ್, ಇದರಲ್ಲಿ ಕಾರ್ನಿಯಾ ಸವೆಸೋದೇ ಇಲ್ಲ, ಕಣ್ಣೊಳಗೆ ಪಾಪೆಯ ಹಿಂದೆ ತೆಳ್ಳನೆ ಲೆನ್ಸ್ ಕೂರಿಸ್ತಾರೆ, ಜಾಸ್ತಿ ಪವರ್ ಇರೋರಿಗೆ, ತೆಳು ಕಾರ್ನಿಯಾದವರಿಗೆ. ಬೇಕಾದ್ರೆ ತೆಗೀಬಹುದು, ಆದ್ರೆ ಕಣ್ಣೊಳಗಿನ ಆಪರೇಷನ್ ಆದ್ದರಿಂದ ಸೋಂಕು, ಒತ್ತಡ, ಪೊರೆ ಬರೋ ರಿಸ್ಕ್ ಬೇರೆ ಲೆವೆಲ್ಲು, ವರ್ಷ ವರ್ಷ ತೋರಿಸ್ಬೇಕು. ನಾಲ್ಕರಲ್ಲಿ ದುಬಾರಿ ಇದೇ.

ದುಡ್ಡಿನ ವಿಷಯಕ್ಕೆ ಬಂದ್ರೆ, ಬೋರ್ಡ್ ಮೇಲೆ ಇಷ್ಟರಿಂದ ಶುರು ಅಂತ ಇರತ್ತಲ್ಲ, ಆ ರೇಟು ಬಹಳ ಸಲ ಒಂದು ಕಣ್ಣಿಗೆ, ಅದೂ ಕಮ್ಮಿ ಪವರ್, ಸಿಲಿಂಡರ್ ಇಲ್ಲದೋರಿಗೆ. ಹಾಗಾಗಿ ಎರಡು ಕಡೆ ರೇಟ್ ಹೋಲಿಸೋ ಮುಂಚೆ ಎರಡನ್ನೂ ಒಂದೇ ಅಳತೆಗೆ ತನ್ನಿ. ಎರಡೂ ಕಣ್ಣು ಸೇರಿ, ಟೆಸ್ಟ್ ಫೀಸ್ ಸೇರಿ, ಆಪರೇಷನ್ ಆದ್ಮೇಲಿನ ಡ್ರಾಪ್ಸ್ ಸೇರಿ, ಒಂದು ವರ್ಷದ ಚೆಕಪ್ ಸೇರಿ, ತೆರಿಗೆ ಸೇರಿ ಒಟ್ಟು ಎಷ್ಟು ಅಂತ ಕಾಗದದ ಮೇಲೆ ಬರೆಸ್ಕೊಳ್ಳಿ. ಆಮೇಲೆ ಸ್ವಲ್ಪ ಪವರ್ ಉಳಿದ್ರೆ ಮತ್ತೆ ಟಚಪ್ ಮಾಡ್ತಾರೆ, ಅದು ಫ್ರೀನಾ, ಎಷ್ಟು ವರ್ಷದ ತನಕ ಫ್ರೀ ಅಂತ ಕೇಳಿ. ಲೈಫ್‌ಟೈಮ್ ಗ್ಯಾರಂಟಿ ಅಂದ್ರೆ ಕಂಡೀಷನ್ ಓದಿ, ಪ್ರತಿ ವರ್ಷ ಅವರ ಹತ್ರವೇ ದುಡ್ಡು ಕೊಟ್ಟು ಚೆಕಪ್ ಮಾಡಿಸಿದ್ರೆ ಮಾತ್ರ ಅಂತ ಸಣ್ಣಕ್ಷರದಲ್ಲಿ ಇರತ್ತೆ, ಕಾರ್ನಿಯಾ ಸಾಕಷ್ಟು ಉಳಿದಿದ್ರೆ ಮಾತ್ರ ಅಂತಲೂ ಇರತ್ತೆ, ಎರಡನೇದು ನ್ಯಾಯವೇ ಬಿಡಿ. ಟೆಸ್ಟಲ್ಲಿ ಆಗಲ್ಲ ಅಂತ ಬಂದ್ರೆ ಕಟ್ಟಿದ ಅಡ್ವಾನ್ಸ್ ವಾಪಸ್ ಬರತ್ತಾ ಅಂತ ಕೇಳದೆ ಒಂದು ಪೈಸೆನೂ ಕಟ್ಬೇಡಿ. ಇನ್ಶೂರೆನ್ಸ್ ಮೇಲೆ ಜಾಸ್ತಿ ಆಸೆ ಬೇಡ, ಸುಮಾರು ಪಾಲಿಸಿಗಳು ಇದನ್ನ ಅಂದಕ್ಕೆ ಮಾಡಿಸೋದು ಅಂತ ಹೊರಗಿಡ್ತವೆ, ಕೆಲವು ಮಾತ್ರ ಪವರ್ ಇಂತಿಷ್ಟು ದಾಟಿದ್ರೆ ಕೊಡ್ತವೆ, ಮೊದಲೇ ಲಿಖಿತ ಒಪ್ಪಿಗೆ ತಗೊಳ್ಳಿ. ಕಂತಲ್ಲಿ ಕಟ್ಟೋದಾದ್ರೆ ಬಡ್ಡಿ ಇಲ್ಲ ಅಂತ ಹೇಳಿದ್ರೂ ಪ್ರೊಸೆಸಿಂಗ್ ಫೀಸ್ ನೋಡಿ, ಒಟ್ಟಿಗೆ ಕಟ್ಟಿದ್ರೆ ಎಷ್ಟು ಬಿಡ್ತೀರಾ ಅಂತಲೂ ಕೇಳಿ, ಆ ಎರಡರ ವ್ಯತ್ಯಾಸವೇ ನಿಜವಾದ ಬಡ್ಡಿ.

ಲಾಭನಾ ನಷ್ಟನಾ ಅಂತ ನೋಡೋಕೆ, ವರ್ಷಕ್ಕೆ ಕನ್ನಡಕ, ಲೆನ್ಸ್, ಸೊಲ್ಯೂಷನ್ನಿಗೆ ಎಷ್ಟು ಹಾಕ್ತಿದ್ದೀರಿ ಲೆಕ್ಕ ಹಾಕಿ, ಆಪರೇಷನ್ ಒಟ್ಟು ಖರ್ಚನ್ನ ಅದರಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಸರಿಹೋಗತ್ತೆ ಗೊತ್ತಾಗತ್ತೆ. ದಿನಾ ಲೆನ್ಸ್ ಹಾಕೋರಿಗೆ ಬೇಗ ಸರಿಹೋಗತ್ತೆ, ಮೂರು ವರ್ಷಕ್ಕೊಂದು ಫ್ರೇಮ್ ಬದಲಾಯಿಸೋರಿಗೆ ಬರೀ ದುಡ್ಡಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಸರಿಹೋಗಲ್ಲ. ಇನ್ನೊಂದು, 40 ದಾಟಿದ್ಮೇಲೆ ಓದೋಕೆ ಚಾಳೀಸು ಬಂದೇ ಬರತ್ತೆ, ಇದು ಕಣ್ಣೊಳಗಿನ ಲೆನ್ಸ್ ಬಿಗಿಯಾಗೋದರಿಂದ, ಲೇಸರ್ ಅದನ್ನ ತಡೆಯಲ್ಲ. 38, 39ರಲ್ಲಿ ಮಾಡಿಸೋರು ಇದನ್ನ ಸರಿಯಾಗಿ ಯೋಚಿಸಿ, ಸಣ್ಣ ಮೈನಸ್ ಪವರ್ ಇರೋರು ಕನ್ನಡಕ ತೆಗೆದು ಹತ್ತಿರದ್ದನ್ನ ಓದ್ಬಹುದಿತ್ತಲ್ಲ, ಆ ಅನುಕೂಲನೂ ಹೋಗತ್ತೆ.

ಆಪರೇಷನ್ ದಿನದ್ದು ಹೇಳೋಕೆ ಕಮ್ಮಿ ಇದೆ. ಮೇಕಪ್, ಸೆಂಟ್ ಬೇಡ, ಜೊತೆಗೆ ಒಬ್ರು ಬೇಕೇ ಬೇಕು. ಎಚ್ಚರ ಇರೋವಾಗ್ಲೇ ಮಾಡೋದು, ಮರಗಟ್ಟೋ ಡ್ರಾಪ್ಸ್ ಹಾಕ್ತಾರೆ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಇಡ್ತಾರೆ, ಲೇಸಿಕ್ ಆದ್ರೆ ಮುಚ್ಚಳ ಕತ್ತರಿಸುವಾಗ ಕಣ್ಣು ಒತ್ತಿ ಹಿಡಿದ ಹಾಗಾಗಿ ಕೆಲವು ಸೆಕೆಂಡ್ ಕತ್ತಲೆ ಕವಿಯತ್ತೆ, ಗಾಬರಿ ಬೇಡ. ಲೇಸಿಕ್, ಪಿಆರ್‌ಕೆ ಎರಡರಲ್ಲೂ ಲೇಸರ್ ಬೀಳುವಾಗ ಸುಟ್ಟ ಕೂದಲ ವಾಸನೆ ಬರತ್ತೆ, ನಿಜಕ್ಕೂ ಸುಡೋದೇನಿಲ್ಲ, 193 ನ್ಯಾನೋಮೀಟರಿನ ಈ ಎಕ್ಸೈಮರ್ ಲೇಸರ್ ಅಕ್ಕಪಕ್ಕ ಬಿಸಿ ಮಾಡದೆ ಪದರ ಪದರವಾಗಿ ಎಬ್ಬಿಸತ್ತೆ. ಇದನ್ನ ಕಂಡುಕೊಂಡ ಕಥೆ ಮಜವಾಗಿದೆ, 1981ರಲ್ಲಿ ಐಬಿಎಂ ಲ್ಯಾಬಿನ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿನ ಲ್ಯಾಬಿಗೆ ತಗೊಂಡೋಗಿ ಅದರ ಮೇಲೆ ಲೇಸರ್ ಬಿಟ್ಟು ನೋಡಿದ್ರಂತೆ, ಸುತ್ತ ಒಂಚೂರೂ ಕರಕಲಾಗದೆ ನೀಟಾಗಿ ಕೊರೆದಿತ್ತು. ನೀವು ಮಾಡ್ಬೇಕಾಗಿರೋದು ಇಷ್ಟೇ, ಮಿಣುಕೋ ದೀಪ ನೋಡ್ತಾ ಇರೋದು. ಕಣ್ಣು ಸ್ವಲ್ಪ ಆಡಿದ್ರೆ ಮಷೀನ್ ಹಿಂಬಾಲಿಸತ್ತೆ, ಜಾಸ್ತಿ ಆಡಿದ್ರೆ ನಿಲ್ಲತ್ತೆ.

ಆಮೇಲಿನ ನಾಲ್ಕೈದು ಗಂಟೆ ಕಣ್ಣಲ್ಲಿ ಮರಳು ಬಿದ್ದ ಹಾಗೆ, ನೀರು ಸುರಿಯತ್ತೆ, ಮನೆಗೆ ಬಂದು ನಿದ್ದೆ ಮಾಡ್ಬಿಡಿ. ಆ್ಯಂಟಿಬಯೋಟಿಕ್, ಸ್ಟಿರಾಯ್ಡ್, ಕಣ್ಣೀರಿನ ಡ್ರಾಪ್ಸ್ ಅಂತ ಮೂರು ಥರ ಇರತ್ತೆ, ಎರಡು ಡ್ರಾಪ್ಸ್ ಮಧ್ಯೆ ಐದು ನಿಮಿಷ ಬಿಡಿ, ಮೊಬೈಲಲ್ಲಿ ಅಲಾರಂ ಇಟ್ಕೊಳ್ಳಿ. ಸ್ಟಿರಾಯ್ಡ್ ಡ್ರಾಪ್ಸ್ ಹೇಳಿದ ದಿನಕ್ಕೆ ನಿಲ್ಲಿಸ್ಬೇಕು, ಚೆನ್ನಾಗಿದೆ ಅಂತ ನೀವೇ ಮುಂದುವರಿಸಿದ್ರೆ ಕಣ್ಣಿನ ಒತ್ತಡ ಏರತ್ತೆ. ಮಲಗುವಾಗ ಶೀಲ್ಡ್ ಹಾಕಿ, ನಿದ್ದೆಗಣ್ಣಲ್ಲಿ ಉಜ್ಜೋದು ನಮ್ಮ ಕೈಲಿರಲ್ಲ. ಕೆಲಸಕ್ಕೆ ಲೇಸಿಕ್ ಅಥವಾ ಸ್ಮೈಲ್ ಆದ್ರೆ ಎರಡು ಮೂರು ದಿನ, ಪಿಆರ್‌ಕೆ ಆದ್ರೆ ಕನಿಷ್ಠ ಒಂದು ವಾರ ರಜಾ ಹಾಕಿ, ಈ ರಜಾನೂ ಖರ್ಚೇ. ತಲೆಗೆ ಸ್ನಾನ, ಈಜು, ಕಣ್ಣಿಗೆ ಕಾಡಿಗೆ ಯಾವತ್ತಿಂದ ಅಂತ ಬರೆಸ್ಕೊಂಡು ಬನ್ನಿ, ಈಜು ಮಾತ್ರ ಎರಡರಿಂದ ನಾಲ್ಕು ವಾರ ಮರೆತುಬಿಡಿ. ನೋವು ಕಮ್ಮಿ ಆಗೋ ಬದಲು ಏರ್ತಾ ಹೋದ್ರೆ, ಕೆಂಪು ಜಾಸ್ತಿ ಆದ್ರೆ, ಚೆನ್ನಾಗಿದ್ದ ನೋಟ ಮಂಜಾದ್ರೆ, ಕಣ್ಣಿಗೆ ಏಟು ಬಿದ್ರೆ, ನಾಳೆ ನೋಡೋಣ ಅನ್ಬೇಡಿ, ಅವತ್ತೇ ಹೋಗಿ. ಅದಕ್ಕೇ ರಾತ್ರಿ ಹೊತ್ತು ಫೋನ್ ಎತ್ತೋರು ಯಾರು ಅಂತ ಮೊದಲೇ ಕೇಳಿಡಿ.

ಕಣ್ಣು ಒಣಗೋದು, ರಾತ್ರಿ ದೀಪದ ಸುತ್ತ ಬಳೆ ಕಾಣೋದು, ಇದನ್ನ ಬ್ರೋಶರಲ್ಲಿ ಒಂದು ಸಾಲಲ್ಲಿ ಮುಗಿಸ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸಿಕ್ ಮೇಲೆ ಮಾಡಿದ ಅಧ್ಯಯನದಲ್ಲಿ ಮುಂಚೆ ಒಣಕಣ್ಣು ಇಲ್ಲದೋರಲ್ಲಿ ನೂರಕ್ಕೆ 30ರ ತನಕ ಜನ ಮೂರು ತಿಂಗಳ ನಂತರ ಒಣಕಣ್ಣು ಅಂದಿದ್ರು, ಮುಂಚೆ ದೀಪದ ಬಳೆ, ಪ್ರಖರತೆ ಥರದ ತೊಂದ್ರೆ ಇಲ್ಲದೋರಲ್ಲಿ 46ರ ತನಕ ಜನಕ್ಕೆ ಒಂದಾದ್ರೂ ಹೊಸದಾಗಿ ಕಾಣಿಸ್ಕೊಂಡಿತ್ತು. ದಿನದ ಕೆಲಸಕ್ಕೇ ತುಂಬಾ ಅಡ್ಡಿ ಆಯ್ತು ಅಂದೋರು ನೂರಕ್ಕೆ ಒಬ್ಬರಿಗಿಂತ ಕಮ್ಮಿ, ಅದನ್ನೂ ಹೇಳ್ಬೇಕು. ಕಾರ್ನಿಯಾದ ನರಗಳು ಕತ್ತರಿಸಿ ಮತ್ತೆ ಬೆಳೆಯೋ ತನಕ ಒಣಗತ್ತೆ, ಜಾಸ್ತಿ ಜನಕ್ಕೆ ಆರು ತಿಂಗಳಲ್ಲಿ ತಿಳಿಯಾಗತ್ತೆ. ರಾತ್ರಿ ಗಾಡಿ ಓಡಿಸೋದೇ ಹೊಟ್ಟೆಪಾಡಾಗಿದ್ರೆ ಈ ಪ್ಯಾರಾನ ಎರಡು ಸಲ ಓದಿ.

ಕೊನೇದಾಗಿ ಫೈಲು. ಆಪರೇಷನ್ನಿಗೆ ಮುಂಚಿನ ಪವರ್, ಕಾರ್ನಿಯಾದ ವಕ್ರತೆ ಮತ್ತು ದಪ್ಪ, ಎಷ್ಟು ಸವೆಸಿದ್ರು, ಇಷ್ಟೂ ಇರೋ ಹಾಳೆಗಳ ಕಾಪಿ ಕೇಳಿ ಇಸ್ಕೊಳ್ಳಿ, ಫೋಟೋ ತೆಗೆದು ಮೇಲ್‌ನಲ್ಲೂ ಇಡಿ. ವಯಸ್ಸಾದ್ಮೇಲೆ ಪೊರೆ ಬಂದಾಗ ಯಾವ ಪವರಿನ ಲೆನ್ಸ್ ಹಾಕ್ಬೇಕು ಅನ್ನೋ ಲೆಕ್ಕಕ್ಕೆ ಇದು ಬೇಕಾಗತ್ತೆ. ಕಾರ್ನಿಯಾ ತೆಳುವಾದ್ಮೇಲೆ ಕಣ್ಣಿನ ಒತ್ತಡ ಅಳೆದ್ರೆ ಇರೋದಕ್ಕಿಂತ ಕಮ್ಮಿ ತೋರಿಸತ್ತೆ, ಗ್ಲಾಕೋಮಾ, ಅಂದ್ರೆ ಕಣ್ಣಿನ ಒತ್ತಡದಿಂದ ಕಣ್ಣಿನ ನರ ಹಾಳಾಗೋ ಕಾಯಿಲೆ, ಇದ್ರೂ ತಪ್ಪಿಸಿಕೊಳ್ಳಬಹುದು, ಅದಕ್ಕೆ ಮುಂದೆ ಯಾವ ಕಣ್ಣಿನ ಡಾಕ್ಟರ ಹತ್ರ ಹೋದ್ರೂ ಲೇಸರ್ ಆಗಿದೆ ಅಂತ ಮೊದಲೇ ಹೇಳಿ. ಜಾಸ್ತಿ ಮೈನಸ್ ಇದ್ದೋರು ವರ್ಷಕ್ಕೊಮ್ಮೆ ರೆಟಿನಾ ತೋರಿಸೋದನ್ನೂ ಬಿಡೋ ಹಾಗಿಲ್ಲ, ಕನ್ನಡಕ ಹೋಗಿರಬಹುದು, ಆ ಮೈನಸ್ಸಿಗೆ ಕಾರಣವಾದ ಉದ್ದನೆ ಕಣ್ಣುಗುಡ್ಡೆ ಹಾಗೇ ಇದೆ.